ಮಗ್ಗುಲು ಬದಲಿಸುವ ಬೆಟ್ಟ

ಜುಲೈ 7, ಸೋಮವಾರ

ಇವತ್ತೂ ನಾಲ್ಕು ಬ್ರಷ್, ಮೂವತ್ತೊಂದು ಮಕ್ಕಳು. ಉಳಿದವರಿಗೆ ಬೆರಳೇ ಗತಿ. ಬಣ್ಣದ ಪುಡಿಯನ್ನು ಡಬ್ಬಿ ಮುಚ್ಚಳಗಳಲ್ಲಿ ಕಲಸಿ, ನೆಲಕ್ಕೆ ಹಳೆ ಪೇಪರ್ ಹಾಸಿ, ಕಥೆ ಓದಲು ಕೂತೆ. ನಾನು ಎರಡನೇ ಕ್ಲಾಸಿನ ಟೀಚರ್. ಕೊನೆಯ ಎರಡು ಪೀರಿಯಡ್ ಕಥೆಗೆ, ಚಿತ್ರಕ್ಕೆ. ಇಪ್ಪತ್ತು ನಿಮಿಷ ಕಥೆ, ಉಳಿದ ಹೊತ್ತು ಅದೇ ಕಥೆಯ ಚಿತ್ರ.

ಶಾಲೆಯಲ್ಲಿರುವ ಮೂರು ಕಥೆಪುಸ್ತಕವೂ ಜೂನ್‌ನಲ್ಲೇ ಮುಗಿದವು. ಈಗ ನಾನೇ ಸಂಜೆ ಒಂದು ಪುಟ ಬರೆದು ಮಾರನೇ ದಿನ ಓದುತ್ತೇನೆ. ಒಂದು ಬೆಟ್ಟ, ಅದರ ಬೆನ್ನ ಮೇಲೆ ಒಂದು ಊರು. ಬೆಟ್ಟ ನಿದ್ದೆ ಮಾಡುತ್ತಿದೆ. ಎಚ್ಚರವಾದರೆ ಮಗ್ಗುಲು ಬದಲಿಸುತ್ತದೆ ಅಂತ ಊರಿನವರೆಲ್ಲ ತುದಿಗಾಲಲ್ಲಿ ನಡೆಯುತ್ತಾರೆ. ಮುಂದೇನು ಅಂತ ನನಗೂ ಗೊತ್ತಿಲ್ಲ.

ನಮ್ಮ ತಲೆ ಮೇಲೆ ಹೊಸ ಕೋಣೆ ಏಳುತ್ತಿದೆ. ಓದುತ್ತಿರುವಾಗಲೇ ಮೇಲಿನಿಂದ ಧಡ್ ಅಂತ ಇಟ್ಟಿಗೆ ಇಳಿಸಿದರು. ಮಕ್ಕಳೆಲ್ಲ ತಲೆ ಎತ್ತಿ ಸೂರು ನೋಡಿದರು. ಆಮೇಲೆ ಯಾರೋ, "ಬೆಟ್ಟ ಗೊರಕೆ ಹೊಡೀತು ಮಿಸ್!" ಅಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ.

ಜುಲೈ 8, ಮಂಗಳವಾರ

ಹೆಡ್ ಮೇಡಂ ಕ್ಲಾಸಿಗೆ ಬಂದರು. ಹಿಂದಿನ ಗೋಡೆಯ ಮುಂದೆ ನಿಂತು ಸೊಂಟದ ಮೇಲೆ ಕೈ ಇಟ್ಟರು. ಕಿಟಕಿಯ ಮೂಲೆಯಿಂದ ಶುರುವಾಗಿ ಸೂರಿನವರೆಗೆ ಒಂದು ಬಿರುಕು — ಕೂದಲೆಳೆಯಷ್ಟು.

"ಇದೇನಿದು, ಅಸಹ್ಯ. ಇಪ್ಪತ್ತೆಂಟಕ್ಕೆ ಇನ್ಸ್‌ಪೆಕ್ಷನ್ ಇದೆ, ಗೊತ್ತಲ್ಲ? ಮೇಲಿನ ಕ್ಲಾಸಿಗೆ ಪರ್ಮಿಷನ್ ಕೊಡ್ತಾರೋ ಇಲ್ವೋ ಅನ್ನೋದು ಅವತ್ತೇ. ಎಂ.ಎ., ನಿಮ್ಮ ಮಕ್ಕಳು ದಿನಾ ಬಳೀತಾರಲ್ಲ, ಆ ಚಿತ್ರ ಎಲ್ಲಾ ಇಲ್ಲಿ ಅಂಟಿಸಿ. ಗೋಡೆ ಪೂರ್ತಿ."

ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ ಅವರು. ಓದಿದ್ದು ಸಾಹಿತ್ಯ, ಕೆಲಸ ಒಂದು ವರ್ಷದ ಟೆಂಪರರಿ, ಹೆಸರು ಎಂ.ಎ.

"ಸರಿ ಮೇಡಂ" ಅಂದೆ.

ಸೆಲ್ಲೋಟೇಪ್ ಸುಣ್ಣಕ್ಕೆ ನಿಲ್ಲುವುದಿಲ್ಲ. ಆಯಾ ಮೈದಾ ಕುದಿಸಿ ಅಂಟು ಮಾಡಿಕೊಟ್ಟರು. ಬಿಸಿಬಿಸಿ ಬಳಿದು ಅಂಗೈಯಲ್ಲಿ ಉಜ್ಜಿದರೆ ಕಾಗದ ಗೋಡೆಯ ಚರ್ಮವೇ ಆಗಿಬಿಡುತ್ತದೆ. "ಇನ್ನು ಇದನ್ನ ಕೀಳೋಕೆ ಉಳಿ ಸುತ್ತಿಗೆನೇ ಬೇಕು ನೋಡಿ" ಅಂದರು ಆಯಾ, ಹೆಮ್ಮೆಯಿಂದ. ಸಾಲಾಗಿ ಮೂವತ್ತೊಂದು ಬೆಟ್ಟ. ಬಿರುಕು ಕಾಣುವುದಿಲ್ಲ. ಚೆನ್ನಾಗಿದೆ.

ಜುಲೈ 10, ಗುರುವಾರ

ಇರುವೆ ಅಂತ ಒಂದು ಹುಡುಗಿ. ಹೆಸರಿಟ್ಟದ್ದು ಕ್ಲಾಸಿನವರೇ. ಸಣ್ಣ ಆಳು, ಸದಾ ನೆಲ ನೋಡುತ್ತ ಗೋಡೆಯ ಅಂಚಿಗೇ ನಡೆಯುತ್ತಾಳೆ. ಕೊನೆಯ ಸಾಲು, ಹಿಂದಿನ ಗೋಡೆಗೆ ಒರಗಿ ಕೂರುತ್ತಾಳೆ. ಅವಳನ್ನು ಕಂಡರೆ ನನಗೆ ಏನೋ ಒಂಥರಾ. ನಾನೂ ಹೀಗೇ ಇದ್ದೆ.

ಇವತ್ತು ಎಲ್ಲರೂ ಹಸಿರು ಬೆಟ್ಟ ಬಿಡಿಸಿದರು. ಇವಳ ಬೆಟ್ಟದ ನಡುವೆ ಒಂದು ಕಪ್ಪು ಗೆರೆ. ಮೇಲಿಂದ ಕೆಳಗೆ, ಎಡಕ್ಕೊಂದು ಸಲ ಬಲಕ್ಕೊಂದು ಸಲ ಬಾಗುತ್ತ. ನಿನ್ನೆಯ ಚಿತ್ರದಲ್ಲೂ ಇತ್ತಂತೆ, ಇವತ್ತು ದಪ್ಪವಾಗಿದೆ.

"ಇದೇನು ಪುಟ್ಟಾ?"

"ಬೆಟ್ಟದ ಬಾಯಿ."

"ಯಾಕೆ ಇಷ್ಟು ದಪ್ಪ?"

"ತೆಗೀತಾ ಇದೆ ಮಿಸ್."

ರೋಮಾಂಚನವಾಯಿತು. ಏಳು ವರ್ಷದ ಮಗು! ಇಡೀ ಕ್ಲಾಸಿಗೆ ಚಿತ್ರ ಎತ್ತಿ ತೋರಿಸಿದೆ. "ನೋಡಿ, ಕಲ್ಪನೆ ಅಂದ್ರೆ ಇದು" ಅಂದೆ, ಚಪ್ಪಾಳೆ ಹೊಡೆಸಿದೆ. ಅವಳು ತಲೆ ಅಲ್ಲಾಡಿಸಿದಳು. ಸಂಕೋಚ ಅಂದುಕೊಂಡೆ.

ಮನೆಗೆ ಬಂದು ಈ ಕಪ್ಪು ಗೆರೆಯ ಬಗ್ಗೆ ಒಂದೂವರೆ ಪುಟ ಬರೆದೆ. ಒಳಗಿನ ಭಯ, ರೂಪಕ, ಮಗುವಿನ ಸುಪ್ತಮನಸ್ಸು... ಯಾವುದಾದರೂ ಪತ್ರಿಕೆಗೆ ಕಳಿಸಬಹುದು. ಅಕ್ಕ ಭುಜದ ಮೇಲಿಂದ ಇಣುಕಿ, "ಮಗು ಗೆರೆ ಎಳೆದಿದ್ದಕ್ಕೆ ಇಷ್ಟುದ್ದ ಪುರಾಣನಾ? ನಾನು ಇಡೀ ಸೀರೆಗೆ ಫಾಲ್ಸ್ ಹೊಲಿದೆ, ನನ್ನ ಬಗ್ಗೆ ನಾಲ್ಕು ಸಾಲು ಬರಿಯೇ" ಅಂದಳು.

ಜುಲೈ 17, ಗುರುವಾರ

ಒಂದು ವಾರದಿಂದ ಬರೆದಿಲ್ಲ. ಕಥೆಯೇ ಮುಂದೆ ಹೋಗುತ್ತಿಲ್ಲ. ಬೆಟ್ಟ ಏಳಬೇಕೋ ಬೇಡವೋ.

ಇವತ್ತು ಬೇಜಾರಿನ ದಿನ. ಗೋಡೆಯ ಮೇಲಿನ ಎರಡು ಚಿತ್ರ ಹರಿದಿವೆ. ಸಿಪ್ಪೆ ಎದ್ದದ್ದಲ್ಲ — ನಟ್ಟನಡುವೆ, ಬ್ಲೇಡಲ್ಲಿ ಕೊಯ್ದ ಹಾಗೆ. ಎರಡೂ ಇರುವೆ ಕೂರುವ ಜಾಗದ ಮೇಲೆಯೇ. ಆ ಚಿತ್ರ ಬಿಡಿಸಿದ ಇಬ್ಬರೂ ಅತ್ತರು. "ಇರುವೆನೇ ಮಿಸ್, ಅವಳು ಯಾವಾಗ್ಲೂ ಅಲ್ಲಿ ಬೆರಳಾಡಿಸ್ತಾ ಇರ್ತಾಳೆ" ಅಂತ ಒಬ್ಬ. "ನಾನೂ ನೋಡಿದೀನಿ" ಅಂತ ಇನ್ನೊಬ್ಬಳು.

"ನೀನಾ ಹರಿದಿದ್ದು?"

"ನಾನಲ್ಲ."

"ಮತ್ತೆ ಯಾರು?"

"ಅದೇ ಹರೀತು."

"ಕಾಗದ ತಾನಾಗೇ ಹರಿಯುತ್ತಾ?"

ನೆಲ ನೋಡಿದಳು. ಎರಡು ದಿನ ಬಣ್ಣ ಇಲ್ಲ ಅಂದೆ. ಅವರಿಬ್ಬರ ಮುಂದೆ ನಿಲ್ಲಿಸಿ ಸಾರಿ ಹೇಳಿಸಿದೆ. ಹೇಳಿದಳು. ದನಿ ಕೇಳಿಸಲಿಲ್ಲ ಅಂತ ಇನ್ನೊಮ್ಮೆ ಹೇಳಿಸಿದೆ.

ನನ್ನ ದನಿ ಗಟ್ಟಿಯಾಗಿ ಏಳುವುದು ಏಳು ವರ್ಷದವರ ಮುಂದೆ ಮಾತ್ರ. ಇದು ಬರೆಯುವಾಗ ಹೊಳೆಯಿತು. ಅಳಿಸುವುದಿಲ್ಲ, ಇರಲಿ.

ಜುಲೈ 18, ಶುಕ್ರವಾರ

ಎಲ್ಲರೂ ಬಣ್ಣ ಬಳಿಯುವಾಗ ಇರುವೆ ಕೈಕಟ್ಟಿ ಕೂತಿದ್ದಳು. ಗೋಡೆಗೆ ಒರಗಿರಲಿಲ್ಲ. ಒಂದು ಗೇಣು ಮುಂದೆ ಸರಿದು, ಬೆನ್ನು ನೆಟ್ಟಗೆ ಮಾಡಿಕೊಂಡು. ಸಿಟ್ಟಿಗೆ ಅಂದುಕೊಂಡೆ.

ಹರಿದ ಎರಡರ ಮೇಲೆ ಹೊಸ ಚಿತ್ರ ಅಂಟಿಸಿದೆ. ಸಂಜೆ ಬೀಗ ಹಾಕಿ ಕೀ ನಾನೇ ತಂದೆ. ಶನಿವಾರ, ಭಾನುವಾರ ರಜೆ. ಇನ್ನೊಂದು ಕೀ ಆಫೀಸಿನಲ್ಲಿ.

ಜುಲೈ 21, ಸೋಮವಾರ, ಬೆಳಿಗ್ಗೆ 8.20

ಬೀಗ ತೆಗೆದೆ. ಕ್ಲಾಸಿನಲ್ಲೇ ಕೂತು ಬರೆಯುತ್ತಿದ್ದೇನೆ, ಮಕ್ಕಳು ಬರಲು ಇನ್ನೂ ಹೊತ್ತಿದೆ.

ಐದು ಚಿತ್ರ. ಶುಕ್ರವಾರ ಅಂಟಿಸಿದ ಹೊಸ ಎರಡೂ ಸೇರಿ. ಒಂದರ ಕೆಳಗೊಂದು, ಅದರ ಕೆಳಗೊಂದು. ಒಂದು ಹಾಳೆಯಲ್ಲಿ ಹರಿದದ್ದು ಮುಂದಿನ ಹಾಳೆಯಲ್ಲಿ ಅದೇ ಜಾಗದಿಂದ ಮುಂದುವರಿದಿದೆ. ಎಡಕ್ಕೊಂದು ಬಾಗು, ಬಲಕ್ಕೊಂದು ಬಾಗು. ಇರುವೆಯ ಕಪ್ಪು ಗೆರೆ.

ಎರಡು ದಿನ ಇಲ್ಲಿಗೆ ಯಾರೂ ಬಂದಿಲ್ಲ. ಕಿಟಕಿಗೆ ಸರಳಿದೆ. ಆಫೀಸಿನ ಕೀ ಮೊಳೆಯಲ್ಲೇ ಇತ್ತು ಅಂತ ಆಯಾ ಹೇಳಿದರು. ಶನಿವಾರ ಇಡೀ ದಿನ ಮೇಲೆ ಕೆಲಸ ನಡೆದಿತ್ತಂತೆ.

ಹರಿದ ಸಂದಿಯಲ್ಲಿ ಬೆರಳಿಟ್ಟೆ. ಕೂದಲೆಳೆ ಅಲ್ಲ. ಉಗುರು ಪೂರ್ತಿ ಒಳಗೆ ಹೋಯಿತು.

ಅವಳು ಕಲ್ಪನೆ ಮಾಡಿರಲಿಲ್ಲ. ಕಾಗದದ ಮೇಲೆ ದಿನಾ ಬೆರಳಾಡಿಸಿ ಕಂಡದ್ದನ್ನು ಬಿಡಿಸುತ್ತಿದ್ದಳು. ನಾನು ಅದಕ್ಕೆ ಚಪ್ಪಾಳೆ ಹೊಡೆಸಿದೆ.

ಅದೇ ದಿನ, ಸಂಜೆ

ಆಫೀಸಿಗೆ ಹೋದೆ. ಬಾಗಿಲಲ್ಲಿ ನಿಂತು ಮೂರು ಸಲ ವಾಕ್ಯ ಜೋಡಿಸಿಕೊಂಡೆ. ಒಳಗೆ ಹೋದ ಮೇಲೆ ಬಂದದ್ದು — "ಮೇಡಂ, ಚಿತ್ರ ಹರೀತಾ ಇವೆ."

"ಹರಿದ್ರೆ ಇನ್ನೊಂದು ಪದರ ಅಂಟಿಸಿ. ಇದನ್ನೂ ನಾನೇ ಹೇಳ್ಬೇಕಾ ಎಂ.ಎ.?"

"ಅಲ್ಲ ಮೇಡಂ, ಗೋಡೆ..."

"ಹಳೇ ಗೋಡೆ. ಅಂಟು ಒಣಗಿದ್ರೆ ಬಿಗಿಯುತ್ತೆ, ಹರಿಯುತ್ತೆ. ಕಂಟ್ರಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ದಾರೆ." ಫೋನ್ ಬಂತು. ಹೋಗಿ ಅಂತ ಕೈಯಲ್ಲೇ ಸನ್ನೆ ಮಾಡಿದರು.

ಇನ್ನೊಂದು ಪದರ ಅಂಟಿಸಿದೆ. ನನ್ನ ಕೈಯಾರೆ. ಅಂಗೈಯಲ್ಲಿ ಉಜ್ಜಿ ಉಜ್ಜಿ.

ಇರುವೆಯನ್ನು ಪಕ್ಕಕ್ಕೆ ಕರೆದು, "ನೀನು ಹರಿದಿರಲಿಲ್ಲ. ತಪ್ಪು ನಂದು" ಅಂದೆ. ಯೋಚಿಸಿದಳು. "ಹಾಗಾದ್ರೆ ಬ್ರಷ್ ಕೊಡ್ತೀರಾ? ಬೆರಳಲ್ಲ, ಬ್ರಷ್ಷು." ಕೊಟ್ಟೆ. ಕೊನೆಯ ಸಾಲನ್ನು ಮುಂದಕ್ಕೆ ಎಳೆಸಿ, ಗೋಡೆಯಿಂದ ಮಕ್ಕಳನ್ನು ಆದಷ್ಟು ದೂರ ಕೂರಿಸಿದೆ. ಕ್ಲಾಸು ಚಿಕ್ಕದು. ಆದಷ್ಟು ಅಂದರೆ ಎಂಟು ಅಡಿ.

ಜುಲೈ 22, ಮಂಗಳವಾರ

ಮಧ್ಯಾಹ್ನ ನಲ್ಲಿಯ ಹತ್ತಿರ ಮೇಸ್ತ್ರಿ ಕೈ ತೊಳೆಯುತ್ತಿದ್ದರು. ವಯಸ್ಸಾದವರು, ಮೇಲಿನ ಗೋಡೆ ಕಟ್ಟುತ್ತಿರುವುದು ಅವರೇ. ಮುಚ್ಚಳಗಳನ್ನು ತೊಳೆಯುವ ನೆಪದಲ್ಲಿ ಪಕ್ಕದಲ್ಲಿ ನಿಂತೆ. ನಾಲ್ಕು ಮುಚ್ಚಳ ತೊಳೆದು ಮುಗಿಯುವವರೆಗೂ ಬಾಯಿ ತೆರೆಯಲಾಗಲಿಲ್ಲ. ಅವರೇ ಕೇಳಿದರು.

"ಏನ್ ಟೀಚರಮ್ಮ, ಏನೋ ಕೇಳ್ಬೇಕು ಅಂತ ನಿಂತಂಗಿದೆ?"

"ಗೋಡೆ ಬಿರುಕು ಬಿಟ್ರೆ... ಅದು ಅಪಾಯನಾ?"

"ಬಿರುಕು ಬಿಡದ ಗೋಡೆ ಯಾವುದಿದೆ? ಬಿಟ್ಟಿದ್ದು ನಿಂತಿದ್ಯಾ, ನಡೀತಿದ್ಯಾ, ಅಷ್ಟೇ ಪ್ರಶ್ನೆ. ಅಡ್ಡಕ್ಕೆ ಒಂದು ಗಾಜಿನ ಪಟ್ಟಿ ಕೂರಿಸ್ತೀವಿ. ಗಾಜು ಹಾಗೇ ಇದ್ರೆ ಗೋಡೆ ನಿಂತಿದೆ. ಒಡೀತು ಅಂದ್ರೆ ನಡೀತಿದೆ."

"ಗಾಜಿನ ಬದಲು ಕಾಗದ ಅಂಟಿಸಿದ್ರೆ?"

"ಗಟ್ಟಿ ಅಂಟಿದ್ರೆ ಅದೂ ಹೇಳುತ್ತೆ." ಪಂಚೆಯಲ್ಲಿ ಕೈ ಒರೆಸಿಕೊಂಡರು. "ಎಲ್ಲಿದೆ, ತೋರಿಸಿ."

"ಕಾಣಲ್ಲ. ಮೇಲೆ ಚಿತ್ರ ಅಂಟಿಸಿದೀನಿ."

ಒರೆಸುವ ಕೈ ನಿಂತಿತು. ನನ್ನ ಮುಖ ನೋಡಿದರು. ನಾನು ಮುಚ್ಚಳಗಳನ್ನು ನೋಡಿದೆ.

"ಹರೀತಾ?"

"ಇಲ್ಲಿವರೆಗೆ ಏಳು ಹರಿದಿವೆ."

ಅವರು ತಲೆ ಎತ್ತಿ ತಾವೇ ಕಟ್ಟುತ್ತಿರುವುದನ್ನು ನೋಡಿದರು. "ಇಟ್ಟಿಗೆ, ಮರಳು ಎಲ್ಲಾ ಮೇಲೇನೇ ಪೇರಿಸಿದೀವಿ ಟೀಚರಮ್ಮ. ಅಂಗಳ ಚೊಕ್ಕವಾಗಿರ್ಬೇಕು, ಇನ್ಸ್‌ಪೆಕ್ಷನ್ ಇದೆ ಅಂದ್ರು ನಿಮ್ಮ ಮೇಡಂ. ಅಷ್ಟು ಭಾರ ಒಂದೇ ಕಡೆ ಬೇಡ ಅಂತ ನಾನು ಕಂಟ್ರಾಕ್ಟರಿಗೆ ಹೇಳಿದ್ದೆ."

"ನೀವು ಬಂದು ಮೇಡಂಗೆ ಹೇಳ್ತೀರಾ?"

"ಅವ್ರು ಹೇಳಿದ್ದು ಮಾಡೋನು ನಾನು. ನನ್ನ ಹೆಸ್ರು ಎತ್ತಬೇಡಿ ತಾಯಿ." ಸ್ವಲ್ಪ ದೂರ ಹೋದವರು ವಾಪಸ್ ಬಂದರು. ದನಿ ತಗ್ಗಿಸಿ, "ಮಕ್ಕಳನ್ನ ಅಲ್ಲಿ ಕೂರಿಸಬೇಡಿ" ಅಂದರು.

ಜುಲೈ 23, ಬುಧವಾರ

ಬಾಯಲ್ಲಿ ಆಗದ್ದು ಕೈಯಲ್ಲಿ ಆಗುತ್ತದೆ ಅಂದುಕೊಂಡೆ. ಮೇಡಂಗೆ ಪತ್ರ ಬರೆದೆ. ನಾಲ್ಕು ಪುಟ. ಎಷ್ಟನೇ ತಾರೀಕು ಎಷ್ಟು ಹರಿಯಿತು, ಎಲ್ಲ. ಮೇಜಿನ ಮೇಲಿಟ್ಟೆ.

"ಏನಿದು, ಕಥೆನಾ?"

"ಅಲ್ಲ ಮೇಡಂ, ಪತ್ರ. ಕ್ಲಾಸಿನ ಬಗ್ಗೆ. ದಯವಿಟ್ಟು ಇವತ್ತೇ..."

"ಓದ್ತೀನಿ, ಓದ್ತೀನಿ." ಪೇಪರ್‌ವೇಟ್ ಕೆಳಗೆ ಹೋಯಿತು.

ವಾಪಸ್ ಬಂದು ಒಂದು ಬಿಳಿ ಪಟ್ಟಿ ಕತ್ತರಿಸಿದೆ. ಮೇಲೆ ಇವತ್ತಿನ ತಾರೀಕು, ಹೊತ್ತು ಬರೆದೆ. ಚಿತ್ರಗಳ ಸಂದಿಯಲ್ಲಿ, ಬಿರುಕಿಗೆ ಅಡ್ಡವಾಗಿ ಅಂಟಿಸಿದೆ.

ಕಥೆಯಲ್ಲಿ ಇವತ್ತು ಊರಿನವರೆಲ್ಲ ಸಭೆ ಸೇರಿದರು. ಬೆಟ್ಟ ಅಲುಗುತ್ತಿದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಮೊದಲು ಬಾಯಿ ಬಿಡುತ್ತಿಲ್ಲ. "ಇವ್ರೇನು ಪೆದ್ದರಾ ಮಿಸ್?" ಅಂತ ಒಬ್ಬ ಕೇಳಿದ. ಉಳಿದವರೆಲ್ಲ ಹೌದು ಹೌದು ಅಂದರು.

ಜುಲೈ 25, ಶುಕ್ರವಾರ

ಪಟ್ಟಿ ಎರಡು ತುಂಡು. ತಾರೀಕು ಒಂದು ಕಡೆ, ಹೊತ್ತು ಇನ್ನೊಂದು ಕಡೆ. ನಡುವೆ ಒಂದು ಪೆನ್ಸಿಲ್ ದಪ್ಪದ ಕತ್ತಲೆ.

ಪತ್ರ ಪೇಪರ್‌ವೇಟ್ ಕೆಳಗೆ ಇದ್ದಂತೆಯೇ ಇತ್ತು. ಮಡಿಕೆ ಬಿಚ್ಚಿರಲಿಲ್ಲ. ನಿಂತೇ ಹೇಳಿದೆ. "ಮೇಡಂ, ಗೋಡೆ ನಡೀತಿದೆ. ಮಕ್ಕಳನ್ನ ಬೇರೆ ಕಡೆ ಕೂರಿಸ್ಬೇಕು." ಪೂರ್ತಿ ಹೇಳಿದೆ! ನನಗೇ ಆಶ್ಚರ್ಯ.

ಮೇಡಂ ಕನ್ನಡಕ ತೆಗೆದರು. ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾದದ್ದು. "ನೋಡಮ್ಮ, ಹದಿನೆಂಟು ವರ್ಷ ಆಯ್ತು ಈ ಶಾಲೆ ಕಟ್ಟೋಕೆ ಶುರು ಮಾಡಿ. ಪರ್ಮಿಷನ್ ಸಿಗದಿದ್ರೆ ಮುಂದಿನ ವರ್ಷ ಈ ಮಕ್ಕಳಿಗೆ ಹತ್ತಿರದಲ್ಲಿ ಬೇರೆ ಶಾಲೆನೇ ಇಲ್ಲ. ಸೋಮವಾರ ಒಂದು ದಿನ ಕಳೀಲಿ. ಮಂಗಳವಾರನೇ ಕಂಟ್ರಾಕ್ಟರನ್ನ ಕರೆಸ್ತೀನಿ. ಆಣೆಗೂ."

"ಆದ್ರೆ ಸೋಮವಾರ..."

"ಸೋಮವಾರ ಹತ್ತು ಗಂಟೆಗೆ ಅವ್ರು ಮೊದ್ಲು ನಿಮ್ಮ ಕ್ಲಾಸಿಗೇ ಬರ್ತಾರೆ. ಕಥೆ ಓದಿ, ಮಕ್ಕಳು ಚಿತ್ರ ಬಿಡಿಸ್ಲಿ. ಎಲ್ಲರನ್ನೂ ಆ ಚಿತ್ರದ ಗೋಡೆಗೆ ಬೆನ್ನು ಹಾಕಿ ಸಾಲಾಗಿ ಕೂರಿಸಿ. ಫೋಟೋ ಚೆನ್ನಾಗಿ ಬರುತ್ತೆ."

"ಸರಿ ಮೇಡಂ."

ಬಂದುಬಿಟ್ಟಿತು ಬಾಯಿಂದ. ಹಲ್ಲುಜ್ಜಿದಷ್ಟು ಅಭ್ಯಾಸ.

ಜುಲೈ 27, ಭಾನುವಾರ, ಮಧ್ಯಾಹ್ನ

ಅಕ್ಕನಿಗೆ ಎಲ್ಲಾ ಹೇಳಿದೆ. ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದಳು. ನಡುವೆ ತಮಾಷೆ ಮಾಡಲಿಲ್ಲ.

"ಕೀ ಯಾರ ಹತ್ರ ಇದೆ?"

"ನನ್ನ ಹತ್ರ. ಇನ್ನೊಂದು ಆಫೀಸಲ್ಲಿ."

"ಮತ್ತೆ?"

"ಮತ್ತೆ ಏನು?"

"ಬಾಗಿಲು ತೆಗೀಬೇಡ. ಭಾಷಣ ಮಾಡೋಕೆ ನಿನ್ನ ಕೈಲಾಗಲ್ಲ, ಬಿಡು. ಸುಮ್ನೆ ಕೂರೋಕೆ ನಿನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತೆ? ಹೋಗಿ ಬಾಗಿಲ ಮುಂದೆ ಕೂತ್ಕೋ."

"ಕೆಲ್ಸ ಹೋಗುತ್ತೆ."

"ಹೋಗುತ್ತೆ" ಅಂದಳು ಅಕ್ಕ. ಮತ್ತೆ ಮಿಷನ್ ತುಳಿಯತೊಡಗಿದಳು.

ಕಥೆಯ ಕೊನೆ ಬರೆಯಲು ಕೂತೆ. ಬರಲಿಲ್ಲ.

ಜುಲೈ 28, ಸೋಮವಾರ, 8.35

ಕ್ಲಾಸಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಬೆನ್ನ ಹಿಂದೆ ಬಾಗಿಲು, ಬೀಗ ಹಾಗೇ ಇದೆ. ಕೀ ಮುಷ್ಟಿಯಲ್ಲಿ.

ಬಂದ ಮಕ್ಕಳನ್ನೆಲ್ಲ ಅಂಗಳದ ಆಚೆ ತುದಿಗೆ, ಕಾಂಪೌಂಡ್ ಪಕ್ಕ ಕೂರಿಸಿದೆ. ಇವತ್ತು ಅಂಗಳದಲ್ಲೇ ಚಿತ್ರ ಅಂದೆ. ಹೋ ಅಂದರು. ಮೇಸ್ತ್ರಿಯವರು ಕಂಡರೆ ಹೇಳೋಣ ಅಂತ ನೋಡಿದೆ. ಇನ್ಸ್‌ಪೆಕ್ಷನ್ ಅಂತ ಇವತ್ತು ಮೇಲೆ ಕೆಲಸವಿಲ್ಲ, ಯಾರೂ ಇಲ್ಲ. ಒಳ್ಳೆಯದೇ.

8.55

ಮೇಡಂ ಬಂದು ಹೋದರು. ಮೊದಲು ನಕ್ಕರು, ಆಮೇಲೆ ಬೇಡಿಕೊಂಡರು, ಆಮೇಲೆ ಬೈದರು. "ನಾಟಕ ಆಡ್ತಿದೀರಾ? ನಾಳೆಯಿಂದ ಬರೋದು ಬೇಡ, ಆದ್ರೆ ಇವತ್ತು ಬಾಗಿಲು ತೆಗೀರಿ!" ನಾನು ಏಳಲಿಲ್ಲ. ತಲೆ ಅಲ್ಲಾಡಿಸಿದೆ ಅಷ್ಟೆ. ಎದ್ದುಬಿಡಬಾರದು ಅಂತಲೇ ಬರೆಯುತ್ತಿದ್ದೇನೆ.

ಇನ್ನೊಂದು ಕೀ ತರಲು ಆಯಾಗೆ ಕೂಗಿ ಹೇಳಿದರು. ಆಯಾ ಆಫೀಸಿನ ಕಿಟಕಿಯಿಂದ ನನ್ನ ಕಡೆ ಒಮ್ಮೆ ನೋಡಿದರು. "ಮೊಳೇಲಿ ಇಲ್ಲ ಮೇಡಂ! ಎಲ್ಲಿ ಹೋಯ್ತೋ ಏನೋ!" ಅಂದರು. ಅವರ ಸೆರಗಿನ ಗಂಟು ದಪ್ಪಗಿತ್ತು.

9.30

ಮಕ್ಕಳು ಬೆಟ್ಟ ಬಿಡಿಸುತ್ತಿದ್ದಾರೆ. ಎಣಿಸಿದೆ. ಇಪ್ಪತ್ತೊಂಬತ್ತು. ಇಬ್ಬರು ಗೈರು, ಜ್ವರ ಅಂತ ಚೀಟಿ ಬಂದಿದೆ. ಇರುವೆ ತನ್ನ ಹಾಳೆಗೆ ಕಪ್ಪು ಮುಟ್ಟಿಸಿಲ್ಲ. ಊರಿನವರನ್ನು ಬಿಡಿಸುತ್ತಿದ್ದಾಳೆ — ಎಲ್ಲರೂ ಬೆಟ್ಟದಿಂದ ಇಳಿಯುತ್ತಿದ್ದಾರೆ, ತುದಿಗಾಲಲ್ಲಿ ಅಲ್ಲ, ಓಡಿಕೊಂಡು. ನಾನು ಬರೆಯಲಾರದ್ದು.

9.50

ಒಳಗೆ ಸದ್ದು. ಕಾಗದ ಹರಿಯುವ ಸದ್ದು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ನಿಧಾನವಾಗಿ, ಯಾರೋ ಕೂತು ಒಂದೊಂದೇ ಹರಿಯುತ್ತಿರುವ ಹಾಗೆ.

ಮೇಡಂ ಆಯಾ ಹತ್ತಿರ ಕೀ ಕಿತ್ತುಕೊಂಡು ಹಿಂಬಾಗಿಲಿಂದ ಹೋಗಿ ಚಿತ್ರ ಕೀಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಹೊಳೆಯಿತು. ಈ ಕೋಣೆಗೆ ಹಿಂಬಾಗಿಲೇ ಇಲ್ಲ.

ಮಕ್ಕಳನ್ನು ಮತ್ತೆ ಎಣಿಸಿದೆ. ಇಪ್ಪತ್ತೊಂಬತ್ತು. ಆಯಾ ಅಂಗಳದಲ್ಲಿ. ಮೇಡಂ ಗೇಟಿನಲ್ಲಿ — ಬಂದುಬಿಟ್ಟಿದ್ದಾರೆ ಇನ್ಸ್‌ಪೆಕ್ಷನ್‌ನವರು, ಮೂವರು, ಕೈಯಲ್ಲಿ ಫೈಲು. ಮೇಡಂ ನಗುತ್ತ ಈ ಕಡೆ ಕೈ ತೋರಿಸುತ್ತಿದ್ದಾರೆ. ಆ ಕೈಯಲ್ಲಿ ಕೀ. ಹೇಗೋ ಸಿಕ್ಕಿದೆ.

ಹರಿಯುವ ಸದ್ದು ಬೇಗ ಬೇಗ ಆಗುತ್ತಿದೆ. ಬಾಗಿಲ ಕೆಳಗಿನ ಸಂದಿಯಿಂದ ಸುಣ್ಣದ ಪುಡಿ ಉದುರಿ ನನ್ನ ಚಪ್ಪಲಿ ಬೆಳ್ಳಗಾಗಿದೆ.

ನಾಲ್ವರೂ ನೇರ ಇಲ್ಲಿಗೇ ಬರುತ್ತಿದ್ದಾರೆ. ತಲೆ ಅಲ್ಲಾಡಿಸಿದರೆ ಅಷ್ಟು ದೂರಕ್ಕೆ ಕಾಣುವುದಿಲ್ಲ. ಕೂಗಬೇಕು. ಎದ್ದು ನಿಂತು, ಗಂಟಲು ಹರಿಯುವ ಹಾಗೆ, ಈಗಲೇ —